ಗೋಬರ್ ಅನಿಲ ಸ್ಥಾವರ: ಗುಂಡಿ ತೋಡುವ ಮೊದಲು ಸಗಣಿ ತೂಗಿರಿ

ಹಳ್ಳಿಯ ಮನೆಗಳಲ್ಲಿ ಉರುವಲಿನ ಬಹುಪಾಲು ಅಡಿಗೆಗೂ ಬಚ್ಚಲಿನ ನೀರು ಕಾಯಿಸುವುದಕ್ಕೂ ಖರ್ಚಾಗುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಕಾಡಿನ ಸೌದೆಯಾದರೆ, ಬಯಲುಸೀಮೆಯಲ್ಲಿ ಜಾಲಿ, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಅದೂ ಸಾಲದಾದಾಗ ಸಗಣಿಯ ಕುಳ್ಳು. ಕುಳ್ಳು ಒಲೆ ಸೇರಿದರೆ ಸಗಣಿಯಲ್ಲಿದ್ದ ಸಾರಜನಕವು ಹೊಗೆಯೊಡನೆ ಹೋಗಿ ಹೊಲಕ್ಕೆ ಬೂದಿಯಷ್ಟೇ ದಕ್ಕುತ್ತದೆ. ತಿಪ್ಪೆಗೆ ಹಾಕಿದರೆ ಗೊಬ್ಬರ ಸಿಗುತ್ತದೆ, ಒಲೆಗೆ ಏನೂ ಸಿಗುವುದಿಲ್ಲ. ಅದೇ ಸಗಣಿಯಿಂದ ಮೊದಲು ಉರುವಲನ್ನು ತೆಗೆದುಕೊಂಡು ಆಮೇಲೆ ಗೊಬ್ಬರವನ್ನೂ ಉಳಿಸಿಕೊಡುವ ಸಾಧನ ಗೋಬರ್ ಅನಿಲ ಸ್ಥಾವರ.

ಇದು ಹೊಸ ವಿಷಯವೇನಲ್ಲ. ಜಶಭಾಯಿ ಪಟೇಲರು ತೇಲುವ ಉಕ್ಕಿನ ಡ್ರಮ್ಮಿನ ಮಾದರಿಯನ್ನು ರೂಪಿಸಿದ್ದು 1950ರ ದಶಕದಲ್ಲಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಅದನ್ನು ದೇಶದಲ್ಲೆಲ್ಲ ಹರಡಿತು. ಡ್ರಮ್ಮಿನ ಬದಲು ಇಟ್ಟಿಗೆಯ ಗುಮ್ಮಟವಿರುವ ಜನತಾ ಮಾದರಿ 1978ರಲ್ಲಿಯೂ, ಖರ್ಚು ಇನ್ನೂ ಕಡಿಮೆಯಾದ ದೀನಬಂಧು ಮಾದರಿ 1984ರಲ್ಲಿಯೂ ಬಂದವು. ಆದರೂ ಕಟ್ಟಿಸಿದ ಕೆಲವೇ ವರ್ಷಗಳಲ್ಲಿ ನಿಂತುಹೋಗಿ, ಈಗ ಮಳೆನೀರು ತುಂಬಿಕೊಂಡು ಕುಳಿತ ಸ್ಥಾವರಗಳನ್ನು ಅನೇಕ ಊರುಗಳಲ್ಲಿ ಕಾಣಬಹುದು. ಗುಮ್ಮಟ ಬಿರುಕುಬಿಟ್ಟದ್ದು, ಡ್ರಮ್ಮು ತುಕ್ಕು ಹಿಡಿದದ್ದು ಕೆಲವು ಕಡೆ ಕಾರಣವಿರಬಹುದು. ಆದರೆ ಕೊಟ್ಟಿಗೆಯ ಸಗಣಿಗಿಂತ ದೊಡ್ಡ ಸ್ಥಾವರ ಕಟ್ಟಿಸಿದ್ದೇ ಮೂಲ ತಪ್ಪಾಗಿರುವ ಕಡೆಗಳು ಕಡಿಮೆಯಿಲ್ಲ.

ಇದೇಕೆ ಹೀಗೆ ಎಂಬುದು ತಿಳಿಯಬೇಕಾದರೆ ತೊಟ್ಟಿಯೊಳಗೆ ನಡೆಯುವುದನ್ನು ಸ್ವಲ್ಪ ತಿಳಿಯಬೇಕು. ಗಾಳಿ ಸೇರದ ಕಡೆ ಸಗಣಿ ಕೊಳೆಯುವಾಗ ಮೊದಲು ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ಹುಳಿಯಾಗಿ, ಅಂದರೆ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ಈ ಆಮ್ಲಗಳನ್ನು ಉಂಡು ಮೀಥೇನ್ ಬಿಡುತ್ತವೆ. ಹೊರಬರುವ ಅನಿಲದಲ್ಲಿ ಉರಿಯುವ ಮೀಥೇನ್ ಶೇಕಡಾ 55ರಿಂದ 65ರಷ್ಟು. ಉಳಿದುದು ಬಹುಮಟ್ಟಿಗೆ ಇಂಗಾಲದ ಡೈ ಆಕ್ಸೈಡ್. ಈ ಎರಡನೆಯ ಬಗೆಯ ಸೂಕ್ಷ್ಮಾಣುಗಳು ನಾಜೂಕಿನವು. ಗಾಳಿ ತಾಕಿದರೆ, ಫಿನಾಯಿಲು ಬಿದ್ದರೆ, ಚಳಿ ಹೆಚ್ಚಾದರೆ ಅವುಗಳ ಕೆಲಸ ಕುಂದುತ್ತದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಅವಕ್ಕೆ ಹಿತ. ನಮ್ಮ ಹವೆಯಲ್ಲಿ ಒಂದು ದಿನ ಹಾಕಿದ ಸಗಣಿ ಸುಮಾರು 40 ದಿವಸ ತೊಟ್ಟಿಯಲ್ಲಿ ನಿಲ್ಲಬೇಕು. ದಿನಕ್ಕೆ 50 ಕಿಲೋ ಸಗಣಿಗೆ 50 ಲೀಟರ್ ನೀರು ಬೆರೆಸಿದರೆ ಸುಮಾರು 100 ಲೀಟರ್ ರಾಡಿಯಾಗುತ್ತದೆ. 40 ದಿನಗಳಿಗೆ 4,000 ಲೀಟರ್. ಎರಡು ಘನ ಮೀಟರ್ ಅನಿಲ ಕೊಡುವ ಸ್ಥಾವರಕ್ಕೆ ಅಷ್ಟು ದೊಡ್ಡ ತೊಟ್ಟಿ ಬೇಕಾಗುವುದು ಇದರಿಂದಲೇ.

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಒಬ್ಬರ ಅಡಿಗೆಗೆ ದಿನಕ್ಕೆ ಸುಮಾರು ಕಾಲು ಘನ ಮೀಟರ್, ಎಂದರೆ 250 ಲೀಟರ್ ಬೇಕು. ಆರು ಮಂದಿಯ ಮನೆಗೆ ಒಂದೂವರೆ ಘನ ಮೀಟರ್. ಅದಕ್ಕೆ 37-38 ಕಿಲೋ ಸಗಣಿ. ಲೆಕ್ಕ ಇಷ್ಟೇ. ಆದರೆ ಇದನ್ನು ದನಗಳ ತಲೆ ಎಣಿಸಿ ಮಾಡುವುದು ವಾಡಿಕೆಯಾಗಿದೆ. ನಾಲ್ಕು ದನಗಳಿವೆ, ತಲೆಗೆ ಹತ್ತು ಹನ್ನೆರಡು ಕಿಲೋ, ಆದ್ದರಿಂದ ಎರಡು ಘನ ಮೀಟರಿನ ಸ್ಥಾವರವೇ ಇರಲಿ ಎಂದು ತೀರ್ಮಾನವಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮೇಯಲು ಹೋಗುವ ದನ ಅರ್ಧ ಸಗಣಿಯನ್ನು ಗೋಮಾಳದಲ್ಲಿ ಬಿಟ್ಟುಬರುತ್ತದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಕೊಟ್ಟಿಗೆಯಲ್ಲಿ ಸಿಗುವುದು 25 ಕಿಲೋ ಆದರೆ ಬರುವ ಅನಿಲ ಒಂದೇ ಘನ ಮೀಟರು. ದೊಡ್ಡ ಗುಮ್ಮಟದಲ್ಲಿ ಅಷ್ಟು ಅನಿಲ ಸರಿಯಾದ ಒತ್ತಡವನ್ನೇ ಕಟ್ಟುವುದಿಲ್ಲ. ಬೆಳಗಿನ ರೊಟ್ಟಿ ಅರ್ಧ ಬೇಯುವಷ್ಟರಲ್ಲಿ ಉರಿ ಕುಗ್ಗುತ್ತದೆ. ನಾಲ್ಕು ದಿನ ಹೀಗಾದರೆ ಮನೆಯಾಕೆ ಸೌದೆ ಒಲೆಗೆ ಹಿಂದಿರುಗುತ್ತಾಳೆ. ಒಲೆ ಉರಿಯದ ಸ್ಥಾವರಕ್ಕೆ ಸಗಣಿ ಕಲಸಿ ಹಾಕುವ ಉತ್ಸಾಹ ಯಾರಿಗಿದ್ದೀತು? ಅಲ್ಲಿಗೆ ಸ್ಥಾವರದ ಆಯುಷ್ಯ ಮುಗಿಯಿತು.

ಆದ್ದರಿಂದ ಗಾರೆಯವರನ್ನು ಕರೆಯುವ ಮೊದಲು ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ಬುಟ್ಟಿಯಲ್ಲಿ ತುಂಬಿ ತೂಗಿ ನೋಡಬೇಕು. ಬೇಸಿಗೆಯಲ್ಲಿ, ಮೇವು ಕಡಿಮೆಯಿರುವ ಕಾಲದಲ್ಲಿ ತೂಗಿದರೆ ಇನ್ನೂ ಒಳ್ಳೆಯದು. 25 ಕಿಲೋ ಸಿಕ್ಕಿದರೆ ಒಂದು ಘನ ಮೀಟರಿನ ಸ್ಥಾವರ ಸಾಕು; ಅನಿಲದಲ್ಲಿ ಅನ್ನ ಸಾರು ಮಾಡಿಕೊಂಡು ಬಚ್ಚಲ ಹಂಡೆಗೆ ತೋಟದ ಕಸಕಡ್ಡಿ ಉರಿಸಬಹುದು. ಮುಂದೆ ದನ ಕೊಳ್ಳುವೆವೆಂಬ ನೆಚ್ಚಿಕೆಯಿಂದ ತೊಟ್ಟಿಯನ್ನು ಹಿಗ್ಗಿಸಬಾರದು. ಕಕ್ಕಸಿನ ಜೋಡಣೆಯಿಂದಲೂ ಸ್ವಲ್ಪ ಅನಿಲ ಸಿಗುತ್ತದೆ, ಆದರೆ ಅದನ್ನೇ ನಂಬಿ ಕೂರುವಷ್ಟಲ್ಲ.

ಇಡೀ ಊರಿನ ಮಟ್ಟದಲ್ಲಿಯೂ ಈ ಲೆಕ್ಕ ತಪ್ಪಿ ಆಮೇಲೆ ಸರಿಹೋದ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು ಸಮುದಾಯ ಸ್ಥಾವರ ಕಟ್ಟಿದರು. ಎಲ್ಲ ಮನೆಗಳ ಅಡಿಗೆಗೆ ಅನಿಲ ಕೊಡುವುದು ಮೊದಲಿನ ಉದ್ದೇಶವಾಗಿತ್ತು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಸಾಲದುದನ್ನು ಎಲ್ಲರಿಗೂ ಹಂಚುವ ಬದಲು, ಇರುವ ಅನಿಲದಿಂದ ಯಾವ ಕೆಲಸ ಪೂರ್ತಿಯಾದೀತೆಂದು ನೋಡಿದರು. 1987ರಿಂದ ಡೀಸೆಲ್ ಜೊತೆಗೆ ಅನಿಲವನ್ನೂ ಉರಿಸುವ ಎಂಜಿನ್ನಿನಿಂದ ವಿದ್ಯುತ್ ತಯಾರಿಸಿ ಕೊಳವೆಬಾವಿಯ ನೀರನ್ನು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ಹಣ ಸಿಗುತ್ತಿತ್ತು. ಅನಿಲ ತೆಗೆದ ಬಗ್ಗಡವೂ ಗೊಬ್ಬರವಾಗಿ ಹಿಂದಕ್ಕೆ ಬರುತ್ತಿತ್ತು. ಶುದ್ಧ ನೀರಿನ ಆಸೆಯೇ ಜನರನ್ನು ಬೆಳಿಗ್ಗೆ ಸಗಣಿಯ ಬುಟ್ಟಿಯೊಡನೆ ಸ್ಥಾವರಕ್ಕೆ ಕರೆತಂದಿತು.

ಸ್ಥಾವರದ ಜಾಗ ಕೊಟ್ಟಿಗೆಗೂ ಅಡಿಗೆಮನೆಗೂ ಹತ್ತಿರವಿರಬೇಕು, ಬಿಸಿಲು ಬೀಳಬೇಕು, ಕುಡಿಯುವ ನೀರಿನ ಬಾವಿಯಿಂದ 15 ಮೀಟರಾದರೂ ದೂರವಿರಬೇಕು. ದೊಡ್ಡ ಮರದ ಪಕ್ಕ ಬೇಡ. ಬೇರು ಗೋಡೆಯನ್ನು ಸೀಳುತ್ತದೆ. ಗುಮ್ಮಟ ಕಟ್ಟುವುದು ಎಲ್ಲ ಗಾರೆಯವರಿಗೂ ಬರುವ ಕೆಲಸವಲ್ಲವಾದ್ದರಿಂದ ತರಬೇತಿ ಪಡೆದವರನ್ನೇ ಕರೆಯಬೇಕು. ಸಹಾಯಧನದ ಮೊತ್ತ ಆಗಾಗ್ಗೆ ಬದಲಾಗುತ್ತಿರುತ್ತದೆ. ಕೆಲಸ ಆರಂಭಿಸುವ ಮೊದಲೇ ಗ್ರಾಮ ಪಂಚಾಯತಿಯಲ್ಲಿ ಅಥವಾ ತಾಲ್ಲೂಕು ಪಂಚಾಯತಿಯಲ್ಲಿ ವಿಚಾರಿಸುವುದು ಕ್ಷೇಮ.

ಮೊದಲ ಸಲ ತುಂಬುವಾಗ, ನಡೆಯುತ್ತಿರುವ ಬೇರೊಂದು ಸ್ಥಾವರದಿಂದ ಕೆಲವು ಕೊಡ ಬಗ್ಗಡ ತಂದು ಬೆರೆಸಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಹಿಡಿಯುತ್ತದೆ. ಮೊದಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದನ್ನು ಬಯಲಿಗೆ ಬಿಟ್ಟುಬಿಡಬೇಕು. ಉರಿಯುತ್ತದೆಯೋ ಇಲ್ಲವೋ ಎಂದು ಸ್ಥಾವರದ ಕೊಳವೆಯ ಬಾಯಿಗೇ ಬೆಂಕಿಕಡ್ಡಿ ಹಿಡಿಯುವುದು ಅಪಾಯ. ಉರಿ ಹಿಮ್ಮೆಟ್ಟಿ ಒಳಹೊಕ್ಕರೆ ಗುಮ್ಮಟ ಸಿಡಿಯಬಹುದು. ಒಲೆಯಲ್ಲಿಯೇ ಹಚ್ಚಿ ನೋಡಬೇಕು. ಸಗಣಿಯಲ್ಲಿನ ಹುಲ್ಲು, ಕಲ್ಲು, ಮರಳನ್ನು ಆರಿಸಿ ಗಂಟಿಲ್ಲದಂತೆ ಕಲಸಬೇಕು. ಉರಿ ನಡುಗುತ್ತಿದ್ದರೆ ಕೊಳವೆಯಲ್ಲಿ ನೀರು ನಿಂತಿದೆಯೆಂದು ತಿಳಿದು ಅದನ್ನು ಹೊರಬಿಡಬೇಕು. ತಿಂಗಳಿಗೊಮ್ಮೆ ಕೊಳವೆಯ ಕೀಲುಗಳಿಗೆ ಸೋಪಿನ ನೊರೆ ಹಚ್ಚಿದರೆ ಸೋರಿಕೆ ಗುಳ್ಳೆಯಾಗಿ ಕಾಣಿಸುತ್ತದೆ. ಸೋರುವುದರಿಂದ ಮನೆಗಷ್ಟೇ ನಷ್ಟವೆಂದು ತಿಳಿಯಬಾರದು. ಉರಿಯದೆ ಗಾಳಿ ಸೇರಿದ ಮೀಥೇನು ನೂರು ವರ್ಷಗಳ ಲೆಕ್ಕದಲ್ಲಿ ಅದೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ 25 ಪಟ್ಟಿಗೂ ಮೀರಿ ಭೂಮಿಯನ್ನು ಕಾಯಿಸುತ್ತದೆ. ಹೆಚ್ಚಾದ ಅನಿಲವನ್ನು ಸುಮ್ಮನೆ ಬಿಡುವುದಕ್ಕಿಂತ ದನಗಳ ಬೂಸಾ ಬೇಯಿಸುವುದಕ್ಕಾದರೂ ಬಳಸುವುದು ಲೇಸು.

ಈಗ ಸಿಲಿಂಡರು ಹಳ್ಳಿಗಳಿಗೂ ಬಂದಿರುವಾಗ ಇಷ್ಟು ಶ್ರಮವೇಕೆಂದು ಕೇಳುವವರಿದ್ದಾರೆ. ದಿನಕ್ಕೆ ಎರಡು ಘನ ಮೀಟರಿನಂತೆ ತಿಂಗಳ ಅನಿಲವು 14.2 ಕಿಲೋ ತೂಕದ ಒಂದೂಮುಕ್ಕಾಲು ಸಿಲಿಂಡರಿಗೆ ಸಮ. ಸೌದೆಯ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ ಸುಮಾರು 7 ಕಿಲೋ. ಇದರ ಮೇಲೆ, ಸಿಲಿಂಡರಿನಿಂದ ಎಂದೂ ಬಾರದ ಬಗ್ಗಡ ಬೇರೆ.

ಬಗ್ಗಡದ ವಿಷಯದಲ್ಲಿ ಉದಾಸೀನವೇ ಹೆಚ್ಚು. ಹೊರತೊಟ್ಟಿಯಿಂದ ಹರಿದು ಚರಂಡಿ ಸೇರುವ ಬಗ್ಗಡವೆಂದರೆ ಚರಂಡಿಗೆ ಸುರಿದ ಗೊಬ್ಬರವೇ ಸರಿ. ಅದರಲ್ಲಿನ ಸಾರಜನಕದ ಒಂದು ಭಾಗ ಅಮೋನಿಯಾ ರೂಪದಲ್ಲಿರುವುದರಿಂದ ಬಿಸಿಲಿನಲ್ಲಿ ಹರಡಿ ಒಣಗಿಸಿದರೆ ಅದು ಹಾರಿಹೋಗುತ್ತದೆ. ನೀರಾವರಿಯಿದ್ದರೆ ಕಾಲುವೆಯ ನೀರಿನೊಡನೆ ಹಸಿಯಾಗಿಯೇ ಹೊಲಕ್ಕೆ ಹರಿಸಬಹುದು. ಇಲ್ಲವಾದರೆ ಸ್ಥಾವರದ ಪಕ್ಕದಲ್ಲಿ ಎರಡು ಗುಂಡಿ ತೋಡಿ, ದರಗು, ಸೊಪ್ಪು, ಕಬ್ಬಿನ ರವದಿ, ಕೊಟ್ಟಿಗೆಯ ಕಸವನ್ನು ಪದರ ಪದರವಾಗಿ ಹಾಕಿ ಅದರ ಮೇಲೆ ಬಗ್ಗಡ ಬಿಡಬೇಕು. ಕಸ ಬಗ್ಗಡದ ನೀರನ್ನು ಹೀರಿ ತಾನೂ ಕೊಳೆಯುತ್ತದೆ. ಒಂದು ಗುಂಡಿ ತುಂಬಿದ ಮೇಲೆ ಮಣ್ಣು ಮುಚ್ಚಿ ಇನ್ನೊಂದಕ್ಕೆ ಹಾಕುತ್ತ ಹೋಗಬೇಕು. ಎರಡನೆಯದು ತುಂಬುವ ವೇಳೆಗೆ ಮೊದಲಿನದು ಗಾಡಿಗೆ ಹೇರುವಂತಾಗಿರುತ್ತದೆ.