ಬೀಗವೂ ಬೀಗದ ಕೈಯೂ

ಖಜಾನೆಗೆ ಬೀಗ ಹಾಕಿದ ಮಾತ್ರಕ್ಕೆ ಯಜಮಾನನ ಕರ್ತವ್ಯವು ತೀರಲಿಲ್ಲ. ಬೀಗದ ಕೈಯು ಯಾರ ವಶದಲ್ಲಿದೆಯೆಂಬುದೂ ಅಷ್ಟೇ ಮುಖ್ಯವಾದುದು. ಕಂಪನಿಗಳೂ ಕಚೇರಿಗಳೂ ತಮ್ಮ ಕಂಪ್ಯೂಟರುಗಳ ಡಿಸ್ಕಿಗೆ ಹಾಕುತ್ತಿರುವ ಎನ್‌ಕ್ರಿಪ್ಷನ್ ಎಂಬ ಗೂಢಲಿಪಿಯ ಬೀಗದ ವಿಷಯದಲ್ಲಿ ಈ ಮಾತನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಬೀಗವು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. 2006ನೆಯ ಇಸವಿ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಿಂದ ಲ್ಯಾಪ್‌ಟಾಪೂ ಅದರ ಹೊರಡಿಸ್ಕೂ ಕಳವಾದವು. ಸುಮಾರು 2 ಕೋಟಿ 65 ಲಕ್ಷ ಜನರ ವಿವರಗಳು ಗೂಢಲಿಪಿಯಿಲ್ಲದೆ ಅದರಲ್ಲಿದ್ದವು. ಕಳವಾದುದು ಮರಳಿ ದೊರೆತರೂ, 2009ರಲ್ಲಿ ವ್ಯಾಜ್ಯದ ಇತ್ಯರ್ಥಕ್ಕಾಗಿ ಸರ್ಕಾರವು 2 ಕೋಟಿ ಡಾಲರು ತೆರಲು ಒಪ್ಪಬೇಕಾಯಿತು. ಪ್ರವೇಶದ ಪಾಸ್‌ವರ್ಡು ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಆ ಕಾವಲು ಅಲ್ಲಿಗೆ ಮುಗಿಯಿತು. ಗೂಢಲಿಪಿಯಿದ್ದರೆ ಮಾತ್ರ ಕಳ್ಳನ ಕೈಗೆ ಅರ್ಥವಿಲ್ಲದ ಅಕ್ಷರರಾಶಿಯು ಸಿಕ್ಕುವುದು.

ಆದರೆ ಬೀಗವು ಕಳ್ಳನನ್ನೂ ಒಡೆಯನನ್ನೂ ಬೇರ್ಪಡಿಸಿ ನೋಡದು. ವಿಂಡೋಸ್ ಯಂತ್ರಗಳ ಬಿಟ್‌ಲಾಕರಿನಲ್ಲಿ, ಬೀಗವು ಸಿಕ್ಕಿಕೊಂಡಾಗ ತೆರೆಯಲು 48 ಅಂಕಿಗಳ ಕೀಲಿಯೊಂದುಂಟು. 2024ನೆಯ ಇಸವಿ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯು ಕಳುಹಿಸಿದ ದೋಷಯುಕ್ತ ಪರಿಷ್ಕರಣದಿಂದ ಸುಮಾರು 85 ಲಕ್ಷ ಯಂತ್ರಗಳು ಸ್ತಬ್ಧವಾದುವಷ್ಟೆ. ಬಿಟ್‌ಲಾಕರಿದ್ದ ಎಷ್ಟೋ ಯಂತ್ರಗಳನ್ನು ಎಬ್ಬಿಸಲು ಒಂದೊಂದರ ಮುಂದೆಯೂ ಕುಳಿತು ಆ ಅಂಕಿಗಳನ್ನು ಒತ್ತಬೇಕಾಯಿತು. ಕೀಲಿಗಳ ಪಟ್ಟಿಯಿದ್ದ ಯಂತ್ರವೇ ಮಲಗಿದ್ದ ಕಡೆಗಳಲ್ಲಿ ಪಟ್ಟ ಪಾಡು ಹೇಳತೀರದು.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ರಕ್ಷಣೋಪಾಯಗಳಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಆಸ್ಪದವಿತ್ತಿದೆ. ದಂಡದ ಭಯದಿಂದ ಅವಸರವಾಗಿ ಬೀಗ ಹಾಕಿ, ಕೀಲಿಯನ್ನು ನೌಕರನ ಸ್ವಂತ ಖಾತೆಯಲ್ಲೋ ಚೀಟಿಯಲ್ಲೋ ಬಿಟ್ಟರೆ, ಆತನು ಕೆಲಸ ಬಿಟ್ಟ ದಿನವೇ ಕಂಪನಿಯ ಲೆಕ್ಕಪತ್ರಗಳು ಕಂಪನಿಗೇ ಅನ್ಯವಾಗುವುವು.

ಆದಕಾರಣ ಅಧಿಕಾರಿಗಳಲ್ಲಿಯೂ ವ್ಯವಸ್ಥಾಪಕರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಕೀಲಿಯು ಸಂಸ್ಥೆಯ ಕೇಂದ್ರ ದಫ್ತರಕ್ಕೆ ಸೇರುವ ತನಕ ಬೀಗವು ಬೀಳಲೇಕೂಡದೆಂಬ ಕಟ್ಟಳೆಯು ಬಿಟ್‌ಲಾಕರಿನಲ್ಲಿಯೇ ಉಂಟು, ಅದನ್ನು ಜಾರಿಯಲ್ಲಿಡಿರಿ. ಕೀಲಿಗಳ ಒಂದು ಪ್ರತಿಯು ಬೇರೆ ಸ್ಥಳದಲ್ಲಿ ಭದ್ರವಾಗಿರಲಿ. ಪಡೆದವರ ಹೆಸರು ದಾಖಲಾಗಲಿ. ಬಳಸಿದ ಕೀಲಿಯು ಬದಲಾಗಲಿ. ವರ್ಷಕ್ಕೆರಡು ಸಾರಿಯಾದರೂ ಒಂದು ಯಂತ್ರವನ್ನು ಆ ಕೀಲಿಯಿಂದ ತೆರೆದು ನೋಡಿರಿ. ಪರೀಕ್ಷಿಸದ ಬೀಗದ ಕೈಯನ್ನು ನಂಬಿ ನಿಶ್ಚಿಂತರಾಗಿರುವುದು ವಿವೇಕವಲ್ಲ.