ಎಳ್ಳ ಅಮಾವಾಸ್ಯೆಯ ಹೊತ್ತಿನ ಒಂದು ಒಕ್ಕಲು ಮನೆ

ಕಿತ್ತೂರಿನಿಂದ ಮೂಡಲಿಗೆ ಹೊರಟು ಬೈಲಹೊಂಗಲ, ಸವದತ್ತಿಗಳನ್ನು ದಾಟಿ ರಾಮದುರ್ಗವನ್ನು ಸೇರುವ ಪ್ರವಾಸಿಕನು ಒಂದೇ ದಿನದಲ್ಲಿ ಹಲವು ಬಗೆಯ ನೆಲವನ್ನು ಕಾಣುವನು. ಕಿತ್ತೂರ ಕಡೆಗೆ ಮಲೆನಾಡಿನ ಸೆರಗು, ಬತ್ತದ ಗದ್ದೆ. ಬೈಲಹೊಂಗಲದ ಸುತ್ತ ಕರಿಯ ಎರೆ. ಮುಂದೆ ಹೋದಂತೆ ಮಳೆಯು ಕಡಿಮೆಯಾಗುತ್ತ, ಗುಡ್ಡಗಳು ಬೋಳಾಗುತ್ತ ಹೋಗುವವು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಆಣೆಕಟ್ಟು ಮುಗಿಯಿತು. ಆದರೂ ನದಿಗೂ ಕಾಲುವೆಗೂ ದೂರವಾದ ಒಕ್ಕಲಿಗನಿಗೆ ಇಂದಿಗೂ ಆಕಾಶವೇ ಗತಿ. ಅಂಥ ಒಂದು ಮನೆಯಲ್ಲಿ ನಾವು ಎಳ್ಳ ಅಮಾವಾಸ್ಯೆಯ ಹೊತ್ತಿನಲ್ಲಿ ಎರಡು ದಿನ ಇದ್ದು ಬಂದೆವು.

ಮನೆಯಲ್ಲಿ ಮುದುಕ-ಮುದುಕಿ, ಮಗ-ಸೊಸೆ, ಎರಡು ಮಕ್ಕಳು. ಐದು ಎಕರೆ ಎರೆಹೊಲ. ಒಂದು ಎಮ್ಮೆ, ಎರಡು ಎತ್ತು. ಬೆಳಗಿನ ಐದು ಗಂಟೆಗೆ ಸೊಸೆಯು ಕೌದಿಯನ್ನು ಸರಿಸಿ ಎದ್ದು ಗೋದಲಿಗೆ ಕಣಿಕೆ ಹಾಕುವಳು. ಎತ್ತಿನ ಉಸಿರು ಚಳಿಯಲ್ಲಿ ಹೊಗೆಯಂತೆ ಏಳುತ್ತಿರುವದು. ಒಲೆ ಹೊತ್ತಿದ ಮೇಲೆ ಮಕ್ಕಳು ತಾವಾಗಿಯೇ ಎದ್ದು ಬಂದು ಬೆಂಕಿಯ ಮುಂದೆ ಕುಳಿತುಕೊಳ್ಳುವರು. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ. ಈ ದಿನಗಳಲ್ಲಿ ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿಯೇ ವಿಶೇಷ. ಜೊತೆಗೆ ಬದನೆಯ ಎಣ್ಣೆಗಾಯಿ, ಗುರೆಳ್ಳ ಚಟ್ನಿ, ಮೊಸರು. ಎಳ್ಳೂ ಸಜ್ಜಿಯೂ ಮೈಗೆ ಕಾವು ಕೊಡುವವೆಂದು ಹಿರಿಯರು ನಂಬಿಕೊಂಡು ಬಂದಿರುವರು.

ಕಡಲೆಯ ಹೊಲದಲ್ಲಿ ಮುದುಕಿಯು ಇರುಳು ಹಾಸಿದ್ದ ಬಿಳಿ ಅರಿವೆಯನ್ನು ಮುಂಜಾನೆ ತೆಗೆದು ಹಿಂಡಿ, ಹುಳಿನೀರನ್ನು ಸೀಸೆಗೆ ತುಂಬುವದನ್ನು ನಾವು ಕಂಡೆವು. ಕಡಲೆಯ ಎಲೆಗಳು ಹುಳಿಯನ್ನು ಒಸರುವವು. ಇಬ್ಬನಿಯಲ್ಲಿ ಅದು ಕರಗಿ ಅರಿವೆಗೆ ಇಳಿಯುವದು. ಹೊಟ್ಟೆನೋವಿಗೆ ಇದು ಮನೆಮದ್ದು.

ಹಿಂಗಾರಿ ಬಿಳಿಜೋಳದ ಬಾಳು ಆಶ್ಚರ್ಯಕರವಾದುದು. ಉತ್ತರಿ, ಹಸ್ತಗಳ ಮಳೆಗೆ ಬಿತ್ತಿದ ಮೇಲೆ ಬಹುತೇಕ ಮಳೆಯೇ ಇಲ್ಲದೆ ಅದು ಬೆಳೆಯುವದು. ಕರಿಯ ಎರೆಯು ಹೊಟ್ಟೆಯಲ್ಲಿ ಹಿಡಿದಿಟ್ಟ ಹಸಿಯೇ ಅದಕ್ಕೆ ಆಧಾರ. ಆದರೆ ಈ ಮಣ್ಣು ಆರುತ್ತ ಬಂದಂತೆ ಬಿರಿಯುವದು. ಬಿರುಕಿನಿಂದ ಹಸಿಯು ಆರಿಹೋಗುವದು. ಆದುದರಿಂದ ಸಾಲುಗಳ ನಡುವೆ ಎರಡು ಮೂರು ಸಲ ಎಡೆಕುಂಟೆ ಹೊಡೆದು, ಮೇಲ್ಮಣ್ಣನ್ನು ಪುಡಿಮಾಡಿ, ಬಿರುಕುಗಳನ್ನು ಮುಚ್ಚಬೇಕು. ಒಂದು ವಾರ ತಡವಾದರೆ ತೆನೆಯು ಸಣ್ಣದಾಗುವದು. ಒಕ್ಕಲಿಗನ ಮನೆಯ ವರ್ಷದ ಅನ್ನವು ಈ ಸಣ್ಣ ಕೆಲಸದ ಮೇಲೆ ನಿಂತಿರುವದೆಂಬುದನ್ನು ಪೇಟೆಯ ಗೃಹಸ್ಥರು ಬಲ್ಲರೋ ಇಲ್ಲವೋ!

ನಾವು ಹೋದ ಸಂಜೆಯೇ ಆ ಮನೆಯಲ್ಲಿ ಒಂದು ಮಾತು ನಡೆದಿತ್ತು. 2019ರ ಆಗಸ್ಟದಲ್ಲಿ ಮಲಪ್ರಭೆಯ ನೆರೆ, 2023ರಲ್ಲಿ ಬರ. ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಜಗತ್ತೆಲ್ಲ ಜೋಳ-ಸಜ್ಜಿಗಳನ್ನು ಕೊಂಡಾಡಿದ ಆ 2023ರಲ್ಲಿಯೇ ಇವರ ಹೊಲದ ಜೋಳವು ಮೊಣಕಾಲೆತ್ತರದಲ್ಲಿ ಒಣಗಿತ್ತು. ಅಂದಿನ ಸಾಲ ಇನ್ನೂ ತೀರಿಲ್ಲ. ಎತ್ತುಗಳೆರಡನ್ನೂ ಮಾರಿಬಿಡೋಣ, ಬಾಡಿಗೆ ಟ್ರ್ಯಾಕ್ಟರ ಸಾಕು ಎಂದು ಮಗನ ವಾದ. ಮುದುಕನು ತುಟಿ ಬಿಚ್ಚಲಿಲ್ಲ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಎಳೆದ ಎತ್ತುಗಳವು.

ರೊಟ್ಟಿ ಬಡಿಯುತ್ತಿದ್ದ ಸೊಸೆಯೇ ಕೊನೆಗೆ ಮಾತಾಡಿದಳು: "ಟ್ರ್ಯಾಕ್ಟರ ನೇಗಿಲಾ ಹೊಡೀತೈತಿ, ಖರೆ. ಎದಿಮಟ ಬೆಳದ ಜೋಳದಾಗ ಎಡಿ ಹೊಡೀತೈತೇನ್ರಿ? ಎಲ್ಲಾರ ಹೊಲಾನೂ ಒಂದ ವಾರದಾಗ ಬಿರೀತಾವು. ಆವಾಗ ಎತ್ತಿಗೆ ಯಾರ ಬಾಗಿಲಾ ಕಾಯೂದು?"

ಮಗನು, "ಸಾಲಾ?" ಎಂದನು.

"ಸಣ್ಣ ಎತ್ತಿಗೆ ಬೆಲೀ ಬರ್ತೈತಿ, ಬೇಸಾಯಗಾರರಿಗೇ ಕೊಡೂಣು. ದೊಡ್ಡದು ಇರಲಿ. ನೆರೀಮನ್ಯಾಗ ಒಂದು ಎತ್ತು ಒಂಟಿ ಉಳದೈತಿ. ಎರಡೂ ಕೂಡಿದ್ರ ಎರಡೂ ಮನೀ ಎಡಿ ಆಗ್ತೈತಿ."

ಮಾತು ಸರಳ, ಲೆಕ್ಕ ಪಕ್ಕಾ. ಆಳವಾದ ಉಳುಮೆಗೆ ಬಾಡಿಗೆಯ ಯಂತ್ರ, ಹಗುರಾದ ಎಡೆಗೂ ಕಣಿಕೆ ಹೇರುವದಕ್ಕೂ ಎರಡು ಮನೆಯ ಎತ್ತು. ಹೊಲದ ಕಣಿಕೆ ಎತ್ತಿಗೆ, ಎತ್ತಿನ ಗೊಬ್ಬರ ಹೊಲಕ್ಕೆ ಎಂಬ ಚಕ್ರವೂ ನಿಲ್ಲುವದಿಲ್ಲ. ಮುದುಕನು ಆಗ ಎದ್ದು ಹೋಗಿ ಸಣ್ಣ ಎತ್ತಿನ ಕೊರಳನ್ನು ತಿಕ್ಕುತ್ತ ಬಹಳ ಹೊತ್ತು ನಿಂತನು. ಒಪ್ಪಿಗೆಯೆಂದು ಎಲ್ಲರೂ ತಿಳಿದರು.

ಮರುದಿನ ಅಮಾವಾಸ್ಯೆ. ಕಡಬು, ಶೇಂಗಾ ಹೋಳಿಗೆ, ಪಲ್ಯ, ರೊಟ್ಟಿಗಳ ಬುಟ್ಟಿಗಳನ್ನು ಬಂಡಿಯಲ್ಲಿಟ್ಟುಕೊಂಡು ಮನೆಯವರೆಲ್ಲರೂ ಹೊಲಕ್ಕೆ ನಡೆದರು. ಬಂಡಿಗೆ ಕಟ್ಟಿದ್ದು ಅದೇ ಜೋಡಿ. ಜೋಳದ ನಡುವೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಮಗನು ಕೂಗುತ್ತ ಚರಗ ಚೆಲ್ಲಿದನು. ಹಿಂದೆ ಮೊಮ್ಮಗನು ನೀರು ಚಿಮುಕಿಸಿದನು. ಬೆಳೆದುದರಲ್ಲಿ ಮಣ್ಣಿಗೂ ಹಕ್ಕಿಗೂ ಹುಳಕ್ಕೂ ಪಾಲುಂಟೆಂಬುದೇ ಈ ಚರಗದ ಭಾವ. ನೆರೆಮನೆಯವರನ್ನು ಊಟಕ್ಕೆ ಕರೆದಿದ್ದರು. ಎಳೆಯ ಜೋಳದ ಸೀತನಿಯನ್ನು ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ಎರಡು ಮನೆಯ ಯಜಮಾನರು ಎತ್ತಿನ ಮಾತನ್ನು ಐದು ನಿಮಿಷದಲ್ಲಿ ಮುಗಿಸಿದರು. ಕಾಗದವಿಲ್ಲ, ಸಾಕ್ಷಿಯಿಲ್ಲ.

ತಿರುಗಿ ಬರುವಾಗ ಮೊಮ್ಮಗನು ಸಣ್ಣ ಎತ್ತಿಗೆ ಹೋಳಿಗೆಯೊಂದನ್ನು ತಿನ್ನಿಸಿದನು, ಯಾರೂ ಬೇಡವೆನ್ನಲಿಲ್ಲ.

ವಾಚಕರೇ, ಸಂಸಾರವೆಂಬುದು ಎರಡು ಎತ್ತಿನ ಬಂಡಿಯೆಂದು ನಮ್ಮವರು ಹೇಳುವದುಂಟು. ಒಂದು ಎತ್ತು ಹೋದರೂ ಬಂಡಿಯು ನಿಲ್ಲಬೇಕಾಗಿಲ್ಲವೆಂಬುದನ್ನು, ನೆರೆಯವನ ಹೆಗಲು ಕೂಡಿದರೆ ಅದು ನಡೆಯುವದೆಂಬುದನ್ನು ನಾವು ಆ ಒಲೆಯ ಮುಂದಿನ ಹೆಣ್ಣುಮಗಳಿಂದ ಕಲಿತು ಬಂದೆವು.