ಎಣಿಸದೆ ಬಂದ ಹಣವೂ ಜೀಪಿನ ಶೃಂಗಾರವೂ

ಬೆಳೆಯಲ್ಲಿ ನಷ್ಟವು ಬಂದಾಗ ರೈತರು ಮಾಡತಕ್ಕದ್ದೇನೆಂಬುದನ್ನು ಕುರಿತು ಈ ಪತ್ರಿಕೆಯಲ್ಲಿ ಅನೇಕ ವೇಳೆ ಬರೆದಿದೆ. ಲಾಭವು ಎಣಿಸದೆ ಬಂದಾಗ ಮಾಡತಕ್ಕದ್ದೇನೆಂಬುದನ್ನು ಕುರಿತು ಬರೆದದ್ದು ಬಹು ಕಡಮೆ. ಅಂಥ ಕಾಲವು ಅಪರೂಪವಾದ್ದರಿಂದ ಹೀಗಾಗಿರಬಹುದು. ಆದರೆ ಕೋಲಾರ ಸೀಮೆಯ ಟೊಮೇಟೊ ಬೆಳೆಗಾರರಿಗೆ 2023ನೆಯ ಇಸವಿಯ ಆಷಾಢ ಮತ್ತು ಅಧಿಕ ಶ್ರಾವಣ ಮಾಸಗಳಲ್ಲಿ ಅಂಥದೊಂದು ಕಾಲವು ಒದಗಿತು. ಆಗ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ಮನೆಯವರ ಹೆಸರು ಇಲ್ಲಿ ಬೇಕಾಗಿಲ್ಲ. ಯಜಮಾನರನ್ನು ಗೌಡರೆಂದು ಕರೆದರೆ ಸಾಕು.

ಆ ವರ್ಷದ ಬೇಸಗೆಯಲ್ಲಿ ಹಣ್ಣಿಗೆ ಬೆಲೆಯೇ ಇರಲಿಲ್ಲ. ಕೊಯ್ಲಿನ ಕೂಲಿಯೂ ಹುಟ್ಟದೆ ಹಲವರು ಹಣ್ಣನ್ನು ಹೊಲದಲ್ಲಿಯೇ ಬಿಟ್ಟರು. ಕೆಲವರು ಮುಂದಿನ ನಾಟಿಯನ್ನೇ ಕೈಬಿಟ್ಟರು. ಉಳಿದವರ ಗಿಡಗಳಿಗೆ ಬಿಳಿ ನೊಣದಿಂದ ಹರಡುವ ಎಲೆ ಮುದುಡುವ ನಂಜುರೋಗವು ತಗಲಿತು. ಹೀಗೆ ಪೇಟೆಗೆ ಮಾಲು ಬರುವುದು ಕುಗ್ಗಿದುದರಿಂದ, ಜುಲೈ ತಿಂಗಳಲ್ಲಿ ಕೋಲಾರದ ಮಂಡಿಗಳಲ್ಲಿ 15 ಕಿಲೋಗ್ರಾಂ ಹಿಡಿಯುವ ಒಂದು ಬಾಕ್ಸಿನ ಬೆಲೆಯು 2,000 ರೂಪಾಯಿಗಳನ್ನು ಮೀರಿತು. ಗೌಡರ ಒಂದು ಎಕರೆ ತೋಟವು ರೋಗದಿಂದ ಅಷ್ಟಿಷ್ಟು ಕೆಟ್ಟಿದ್ದರೂ 600 ಬಾಕ್ಸುಗಳನ್ನು ಕೊಟ್ಟಿತು. ಸರಾಸರಿ 1,800 ರೂಪಾಯಿಗಳಂತೆ 10,80,000 ರೂಪಾಯಿ ಬಂದಿತು. ಸಸಿ, ಗೊಬ್ಬರ, ಔಷಧಿ, ಊರುಗೋಲು, ಕೂಲಿ, ಲಾರಿ ಬಾಡಿಗೆ, ಮಂಡಿಯ ಖರ್ಚುಗಳಿಗೆ 2,80,000 ರೂಪಾಯಿಗಳನ್ನು ಕಳೆದರೆ 8,00,000 ರೂಪಾಯಿ ಕೈಯಲ್ಲಿ ನಿಂತಿತು. ಅವರ ಐವತ್ತೆಂಟು ವರ್ಷಗಳ ಆಯುಸ್ಸಿನಲ್ಲಿ ಅಷ್ಟು ಹಣವು ಒಟ್ಟಿಗೆ ಮನೆಗೆ ಬಂದದ್ದು ಅದೇ ಮೊದಲು.

ಗೌಡರ ಮಗನು ಇಪ್ಪತ್ತೆರಡು ವರ್ಷದವನು. ಅವನ ಓರಗೆಯವರು ಬಹುಮಂದಿ ನರಸಾಪುರದ ಕಡೆಯ ಕಾರ್ಖಾನೆಗಳಿಗೆ ಸೇರಿದ್ದರೂ ಇವನು ತಂದೆಯೊಡನೆ ಹೊಲದಲ್ಲಿಯೇ ನಿಂತಿದ್ದನು. ಬೇರೆಯವರಿಂದ ಕೊಂಡಿದ್ದ ಹಳೆಯ ಜೀಪೊಂದು ಮನೆಯಲ್ಲಿತ್ತು. ಅದನ್ನು ಸಿಂಗರಿಸಬೇಕೆಂಬುದು ಅವನ ಬಹುದಿನದ ಆಸೆ. ಅವನು ಕಾಗದದಲ್ಲಿ ಬರೆದು ತಂದಿದ್ದ ಪಟ್ಟಿಯನ್ನು ನಾನು ನೋಡಿದೆನು. ಅಗಲವಾದ ಚಕ್ರಗಳಿಗೂ ಟೈರುಗಳಿಗೂ 1,60,000; ಗಾಡಿಯ ಮೈಯನ್ನು ಎತ್ತರಿಸುವುದಕ್ಕೆ 90,000; ಮುಂದೆ ಕಬ್ಬಿಣದ ಕಂಬಿ, ಮೇಲೆ ಪ್ರಖರವಾದ ದೀಪಗಳ ಸಾಲು, ಇವಕ್ಕೆ 80,000; ಹಾಡಿನ ಯಂತ್ರಕ್ಕೆ 50,000; ಬಣ್ಣ ಮತ್ತು ಆಸನಗಳಿಗೆ 40,000. ಒಟ್ಟು 4,20,000 ರೂಪಾಯಿ. ಜೀಪನ್ನು ಅದಿದ್ದಂತೆ ಮಾರಿದರೆ 4,00,000 ಬರುವುದು ಕಷ್ಟವೆಂದು ಅವನೇ ಒಪ್ಪಿಕೊಂಡನು.

“ಈ ಸಲ ಅಲ್ಲದಿದ್ದರೆ ಇನ್ನು ಯಾವಾಗಪ್ಪ?” ಎಂದು ಮಗನು ಕೇಳಿದನಂತೆ. ಗೌಡರು ನನ್ನೆದುರಿಗೆ ಇದನ್ನು ಹೇಳಿ, “ಸ್ವಾಮಿ, ಬೇಡ ಎಂದುಬಿಡಲು ನನಗೆ ಒಂದು ಗಳಿಗೆ ಸಾಕು. ಆದರೆ ಬೇಡ ಎಂದ ಮೇಲೆ ಇವನು ಹೊಲದಲ್ಲಿ ನಿಲ್ಲುತ್ತಾನೆಯೆ? ಅದು ನನ್ನ ಚಿಂತೆ” ಎಂದರು. ಆದುದರಿಂದ ಇದು ಬರಿಯ ಹಣದ ಪ್ರಶ್ನೆಯಾಗಿರಲಿಲ್ಲ.

ಗಾಡಿಯನ್ನು ಸಿಂಗರಿಸುವ ಆಸೆಯನ್ನು ಈ ಕಾಲದ ಹುಡುಗರ ಚಪಲವೆಂದು ಹಳಿಯುವುದು ನ್ಯಾಯವಲ್ಲ. ಎತ್ತುಗಳ ಕೊಂಬಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಗೆಜ್ಜೆಯ ಪಟ್ಟಿ, ಬೆನ್ನಿಗೆ ಕಸೂತಿಯ ಜೂಲು ಇವುಗಳಿಗೆ ನಮ್ಮ ಅಜ್ಜಂದಿರೂ ಹಣ ತೆತ್ತವರೇ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ವಾದ್ಯದೊಡನೆ ನಡೆಸಿಕೊಂಡು ಬರುವ ವೈಭವವನ್ನು ನೋಡಿದವರು ಅದನ್ನು ದುಂದುಗಾರಿಕೆಯೆಂದು ಹೇಳಲಾರರು. ಆದರೆ ಒಂದು ಭೇದವುಂಟು. ಅಣಸು ಹಾಕಿದುದರಿಂದ ಎತ್ತಿನ ನಡೆ ಕೆಡುತ್ತಿರಲಿಲ್ಲ. ಜೀಪಿನ ವಿಷಯ ಹಾಗಲ್ಲ.

ಚಕ್ರದ ಸುತ್ತಳತೆಯನ್ನು ಹೆಚ್ಚಿಸಿದರೆ ವೇಗವನ್ನು ತೋರಿಸುವ ಮುಳ್ಳು ನಿಜವಾದ ವೇಗಕ್ಕಿಂತ ಕಡಮೆಯನ್ನು ತೋರಿಸುವುದು. ಭಾರವಾದ ಚಕ್ರವನ್ನು ತಿರುಗಿಸಲು ಇಂಜಿನ್ನಿಗೂ ನಿಲ್ಲಿಸಲು ಬ್ರೇಕಿಗೂ ಶ್ರಮ ಹೆಚ್ಚಿ, ಡೀಸೆಲ್ ಹೆಚ್ಚು ಉರಿಯುವುದು. ಮೈಯನ್ನು ಎತ್ತರಿಸಿದಷ್ಟೂ ತಿರುವಿನಲ್ಲಿ ಮಗುಚುವ ಭಯವು ಹೆಚ್ಚು. ಮುಂದಿನ ಕಬ್ಬಿಣದ ಕಂಬಿಯು ಢಿಕ್ಕಿಯಾದಾಗ ಪೆಟ್ಟನ್ನು ನೇರವಾಗಿ ಗಾಡಿಯ ಚೌಕಟ್ಟಿಗೆ ಸಾಗಿಸುವುದಲ್ಲದೆ, ಗಾಳಿಚೀಲಗಳುಳ್ಳ ವಾಹನಗಳಲ್ಲಿ ಅವು ಸಕಾಲದಲ್ಲಿ ಬಿಚ್ಚದಂತೆಯೂ ಮಾಡಬಹುದು. ಈ ಕಂಬಿಗಳ ವಿಷಯದಲ್ಲಿ ಕ್ರಮ ಜರುಗಿಸಬೇಕೆಂದು ಕೇಂದ್ರದ ಸಾರಿಗೆ ಮಂತ್ರಾಲಯವು 2017ನೆಯ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಮೇಲಿನ ದೀಪಗಳ ಸಾಲಿನ ವಿಷಯವನ್ನು, ರಾತ್ರಿ ಎದುರಿನಿಂದ ಸೈಕಲ್ಲಿನಲ್ಲಿ ಬಂದವರನ್ನು ಕೇಳಬೇಕು.

ಕಾನೂನೂ ಇದಕ್ಕೆ ಅನುಕೂಲವಾಗಿಲ್ಲ. 1988ನೆಯ ಇಸವಿಯ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ನೆಯ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಥಿರಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ, ಅಪ್ಪಣೆಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಉಂಟು. ಅಂಗವಿಕಲರು ತಮಗೆ ಅನುಕೂಲವಾಗುವಂತೆ ವಾಹನವನ್ನು ಮಾರ್ಪಡಿಸಿಕೊಳ್ಳುವುದಕ್ಕೆ ಕಾನೂನಿನಲ್ಲಿ ಬೇರೆ ಅವಕಾಶವಿದೆ. ವಿಮೆಯ ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಟಿನಿಂದ ಅಪಘಾತವಾದಾಗ ಪರಿಹಾರವೇ ತಪ್ಪಬಹುದು. ಹೊಸ ವಾಹನಕ್ಕೂ ವಿಮೆಯ ಲೆಕ್ಕದಲ್ಲಿ ಐದನೆಯ ವರ್ಷಕ್ಕೆ ಅರ್ಧ ಬೆಲೆಯನ್ನು ಕಳೆಯುವ ವಾಡಿಕೆಯಿರುವಾಗ, ಹಳೆಯ ಜೀಪಿಗೆ ತೊಡಿಸಿದ ಒಡವೆಯ ಬೆಲೆ ಎಷ್ಟು ಉಳಿದೀತು?

ಇಷ್ಟನ್ನೂ ಹೇಳಿದಾಗ ಹುಡುಗನು ಸುಮ್ಮನಿದ್ದನು. ಒಪ್ಪಿದನೆಂದು ನನಗೆ ತೋರಲಿಲ್ಲ. ಅವನ ಮನಸ್ಸನ್ನು ತಿರುಗಿಸಿದ್ದು ಬೇರೆಯ ಲೆಕ್ಕ.

ಮೂರು ವರ್ಷಗಳ ಹಿಂದೆ ಕೊಳವೆ ಬಾವಿ ಕೊರೆಯಿಸುವುದಕ್ಕೆಂದು ಗೌಡರು ಕೈಸಾಲವಾಗಿ 2,00,000 ರೂಪಾಯಿ ತಂದಿದ್ದರು. ಬಡ್ಡಿಯು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಕೇಳುವುದಕ್ಕೆ ಅಲ್ಪವೇ, ಆದರೆ ತಿಂಗಳಿಗೆ 4,000, ವರ್ಷಕ್ಕೆ 48,000. ಮೂರು ವರ್ಷಗಳಲ್ಲಿ 1,44,000 ರೂಪಾಯಿ ತೆತ್ತಿದ್ದರೂ ಅಸಲಿನಲ್ಲಿ ಒಂದು ಕಾಸೂ ತಗ್ಗಿರಲಿಲ್ಲ. ಇದನ್ನು ಕಾಗದದ ಮೇಲೆ ಬರೆದಾಗ ಹುಡುಗನು ತನ್ನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದನು. ಅವನ ಚಕ್ರಗಳ ಬೆಲೆಯ ಬಹುಭಾಗವು ಆಗಲೇ ಬಡ್ಡಿಯಾಗಿ ಹೊರಟುಹೋಗಿತ್ತು. ಸಾಲವಿರುವುದು ಅವನಿಗೆ ಗೊತ್ತಿತ್ತು. ಬಡ್ಡಿಯ ಮೊತ್ತವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮನೆಯ ಲೆಕ್ಕವನ್ನು ಬೆಳೆದ ಮಕ್ಕಳಿಂದ ಮುಚ್ಚಿಡುವ ಯಜಮಾನರು ನಮ್ಮಲ್ಲಿ ಬಹಳವಿದ್ದಾರೆ.

ಹಣವನ್ನು ಎಲ್ಲಿ ಹೂಡಬೇಕೆಂದು ಕೇಳುವವರು ಮೊದಲು ಇಂಥ ಸಾಲವನ್ನು ನೋಡತಕ್ಕದ್ದು. ನೂರಕ್ಕೆ ಇಪ್ಪತ್ತನಾಲ್ಕರ ಬಡ್ಡಿಯ ಸಾಲವನ್ನು ತೀರಿಸಿದರೆ, ಅಷ್ಟೇ ಬಡ್ಡಿಯು ನಿಶ್ಚಯವಾಗಿ ಕೈಗೆ ಬಂದಂತೆ. ಬ್ಯಾಂಕಿನ ಠೇವಣಿಯು ಸಾಮಾನ್ಯವಾಗಿ ಅದರಲ್ಲಿ ಮೂರನೆಯ ಒಂದು ಪಾಲನ್ನು ಕೊಟ್ಟರೆ ಹೆಚ್ಚು. ಸರ್ಕಾರದ ಬಡ್ಡಿ ಸಹಾಯವುಳ್ಳ ಬೆಳೆಸಾಲದ ಮಾತು ಬೇರೆ. ಅದು ಅಗ್ಗದ ಹಣ, ವಾಯಿದೆಗೆ ಸರಿಯಾಗಿ ಕಟ್ಟಿದರೆ ಸಾಕು. ಹಣ ಬಂದ ಉತ್ಸಾಹದಲ್ಲಿ ಅಗ್ಗದ ಸಾಲವನ್ನು ಮುಂಚಿತವಾಗಿ ತೀರಿಸಿ, ಕೈಸಾಲವನ್ನು ಹಾಗೆಯೇ ಉಳಿಸಿಕೊಳ್ಳುವವರನ್ನೂ ನಾನು ನೋಡಿದ್ದೇನೆ.

ಎರಡನೆಯದಾಗಿ, ಈ ಹಣವು ಒಂದು ವರ್ಷದ ವರಮಾನವೆಂದು ಭಾವಿಸುವುದೇ ತಪ್ಪು. ಬೇಸಗೆಯಲ್ಲಿ ಹಣ್ಣನ್ನು ಹೊಲದಲ್ಲಿ ಬಿಡಿಸಿದ ಪೇಟೆಯೇ ಜುಲೈಯಲ್ಲಿ 2,000 ಕೊಟ್ಟಿತು. ಅದು ಮತ್ತೆ ಬೇಸಗೆಯ ಬೆಲೆಗೆ ಇಳಿಯದೆಂಬ ಭರವಸೆಯಿಲ್ಲ. ಹೆಚ್ಚು ಬೆಲೆಯನ್ನು ಕಂಡು ಎಲ್ಲರೂ ನಾಟಿಮಾಡಿದರೆ, ಆ ಎಲ್ಲ ಹಣ್ಣೂ ಒಂದೇ ಸಲಕ್ಕೆ ಮಂಡಿಗೆ ಬರುವುದು. ಆದುದರಿಂದ ಒಂದು ಬೆಳೆಯ ಪೂರ್ತಿ ಖರ್ಚಿಗೆ ಸಮೀಪವಾದ ಹಣವನ್ನು ಮುಟ್ಟದೆ ಇಡಬೇಕೆಂದು ಹೇಳಿದೆನು. ಬ್ಯಾಂಕಿನ ಠೇವಣಿಗೆ 2020ನೆಯ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5,00,000 ರೂಪಾಯಿಗಳವರೆಗೆ ವಿಮೆಯುಂಟು. ಊರಿನ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಆ ವಿಮೆಯಿಲ್ಲ. ಚೀಟಿಯ ಹಣಕ್ಕೂ ಇಲ್ಲ.

ಕಡೆಗೆ ತಂದೆಮಗಂದಿರು ಸೇರಿ ಮಾಡಿದ ಏರ್ಪಾಡು ಹೀಗಿತ್ತು. ಕೈಸಾಲಕ್ಕೆ 2,00,000, ಗಿರವಿಯಲ್ಲಿದ್ದ ಒಡವೆಗಳನ್ನು ಬಿಡಿಸಲು 1,20,000, ಬ್ಯಾಂಕಿನ ಠೇವಣಿಗೆ 2,50,000, ಕೃಷಿ ಹೊಂಡಕ್ಕೆ ಹೊದಿಕೆ ಹಾಸುವುದಕ್ಕೂ ಹನಿ ನೀರಾವರಿಯ ಕೊಳವೆಗಳಿಗೂ 1,40,000, ಮನೆಯ ಬಿಡಿ ಖರ್ಚಿಗೆ 30,000. ಹನಿ ನೀರಾವರಿಗೆ ಸಹಾಯಧನವಿರುವುದರಿಂದ, ಕೊಳವೆಗಳನ್ನು ಕೊಳ್ಳುವ ಮುಂಚೆಯೇ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕೊಂಡ ಮೇಲೆ ಬಂದರೆ ಪ್ರಯೋಜನವಾಗದಿರಬಹುದು. ಹೊಳೆಯಿಲ್ಲದ, ಕೊಳವೆ ಬಾವಿಗಳು ಸಾವಿರ ಅಡಿಗಳನ್ನು ದಾಟಿರುವ ಸೀಮೆಯಲ್ಲಿ ನೀರನ್ನು ಉಳಿಸುವುದಕ್ಕೆ ಹೂಡಿದ ಹಣವು ಪ್ರತಿ ಬೆಳೆಯಲ್ಲಿಯೂ ಉಪಯೋಗಕ್ಕೆ ಬರುವುದು.

ಉಳಿದ 60,000 ರೂಪಾಯಿಗಳನ್ನು ಜೀಪಿಗೆಂದು ಮಗನ ಕೈಯಲ್ಲಿಯೇ ಕೊಡಬೇಕೆಂದು ನಾನು ಸೂಚಿಸಿದೆನು. ಗೌಡರಿಗೆ ಇದು ಅಧಿಕವೆಂದು ತೋರಿತು. ಆದರೆ ಹೊಲದಲ್ಲಿ ಸಮನಾಗಿ ದುಡಿದವನಿಗೆ ಲಾಭದಲ್ಲಿ ಏನೂ ಇಲ್ಲವೆನ್ನುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅವನು ಮೊದಲಿನ ಅಳತೆಯವೇ ಆದ ನಾಲ್ಕು ಹೊಸ ಟೈರುಗಳನ್ನು ಹಾಕಿಸಿ, ಬ್ರೇಕುಗಳನ್ನು ಸರಿಮಾಡಿಸಿ, ಹಿಂದಿನ ಆಸನಗಳಿಗೆ ಪಟ್ಟಿಗಳನ್ನು ಕಟ್ಟಿಸಿ, ಮಿಕ್ಕ ಹಣದಲ್ಲಿ ಒಂದು ಸಣ್ಣ ಹಾಡಿನ ಯಂತ್ರವನ್ನು ತಂದನು.

ಸೆಪ್ಟೆಂಬರಿನಲ್ಲಿ ಬೆಲೆಯು ಕುಸಿಯಿತು. ಗೌಡರೂ ಎಲ್ಲರಂತೆ ಅರ್ಧ ಎಕರೆ ಹೊಸದಾಗಿ ನೆಟ್ಟಿದ್ದರು. ಲಾರಿ ಬಾಡಿಗೆ ಹುಟ್ಟದೆ ಕಡೆಯ ಕೊಯ್ಲನ್ನು ಬಿಟ್ಟುಬಿಟ್ಟರು. ಮುಂದಿನ ನಾಟಿಗೆ ಬೇಕಾದ ಹಣಕ್ಕಾಗಿ ಆ ಸಲ ಅವರು ಸಾಲಗಾರರ ಬಾಗಿಲಿಗೆ ಹೋಗಲಿಲ್ಲ; ಠೇವಣಿಯಲ್ಲಿ ಸ್ವಲ್ಪವನ್ನು ಬಿಡಿಸಿ ನರ್ಸರಿಗೆ ಕಟ್ಟಿದರು. ಸಸಿಗಳ ತಟ್ಟೆಗಳನ್ನು ಜೀಪಿನ ಹಿಂಭಾಗದಲ್ಲಿ ಜೋಡಿಸಿಕೊಂಡು ತಂದವನು ಮಗನೇ. ದಾರಿಯುದ್ದಕ್ಕೂ ಹಾಡು ಹಾಕಿಕೊಂಡು ಬಂದನೆಂದು ಗೌಡರು ಹೇಳಿದರು.